ರಂಗಭೋಗವೂ ಜೀರ್ಣೋದ್ಧಾರವೂ: ಹಳೆಯ ರಂಗಮಂದಿರಗಳ ನವೀಕರಣವನ್ನು ಕುರಿತು ಒಂದು ವಿವೇಚನೆ

೧

ನಮ್ಮ ನಾಡಿನ ಸಾರ್ವಜನಿಕ ರಂಗಮಂದಿರಗಳು ಒಂದೊಂದಾಗಿ ಮುಪ್ಪನ್ನು ಮುಟ್ಟುತ್ತಲಿವೆ. ಮೈಸೂರಿನ ರಂಗಾಚಾರ್ಲು ಸ್ಮಾರಕ ಭವನವು ೧೮೮೪ರಷ್ಟು ಹಿಂದಿನದು. ಬೆಂಗಳೂರಿನ ಪುಟ್ಟಣ್ಣಚೆಟ್ಟಿ ಪುರಭವನವು ೧೯೩೫ರದು. ರವೀಂದ್ರ ಕಲಾಕ್ಷೇತ್ರವು ೧೯೬೩ರಲ್ಲಿ ತೆರೆದುದು. ಇಂಥ ಕಟ್ಟಡಗಳನ್ನು ನವೀಕರಿಸಬೇಕೆಂಬಲ್ಲಿ ಯಾರಿಗೂ ಭಿನ್ನಾಭಿಪ್ರಾಯವಿರಲಾರದು. ಆದರೆ ನವೀಕರಣವೆಂದರೆ ಯಾವುದನ್ನು ಹೊಸದು ಮಾಡುವುದು, ಯಾವುದನ್ನು ಕಾಯ್ದುಕೊಳ್ಳುವುದು, ಯಾರ ಪ್ರಯೋಜನಕ್ಕಾಗಿ ಮಾಡುವುದು ಎಂಬ ಪ್ರಶ್ನೆಗಳಿಗೆ ನಾವು ಇನ್ನೂ ಸ್ಪಷ್ಟವಾದ ಉತ್ತರವನ್ನು ಹೇಳಿಕೊಂಡಿಲ್ಲ. ಇತಿಹಾಸವು ಈ ವಿಷಯದಲ್ಲಿ ನಮಗೆ ಏನನ್ನಾದರೂ ಕಲಿಸಬಲ್ಲುದೇ ಎಂಬುದನ್ನು ಪರಿಶೀಲಿಸುವುದೇ ಪ್ರಸ್ತುತ ಲೇಖನದ ಉದ್ದೇಶ. ಕಲಬುರಗಿ ಜಿಲ್ಲೆಯ ಆಳಂದ, ಅಫಜಲಪುರ, ಜೇವರ್ಗಿ ತಾಲ್ಲೂಕುಗಳ ಸೀಮೆಯನ್ನು ನಮ್ಮ ದೃಷ್ಟಿಯ ಮುಂದೆ ಇಟ್ಟುಕೊಂಡು ಈ ವಿಚಾರವನ್ನು ಮಾಡಿದ್ದೇವೆ. ಅಲ್ಲಿ ಶಾಸನಗಳ ಪರಂಪರೆ ದೀರ್ಘವಾದುದು, ಬಯಲಾಟದ ಪರಂಪರೆ ಜೀವಂತವಾದುದು. ಶಾಶ್ವತವಾದ ರಂಗಮಂದಿರದ ಪರಂಪರೆ ಮಾತ್ರ ತೀರ ಇತ್ತೀಚಿನದು.

೨

ಆಳಂದದ ಸುತ್ತಣ ನಾಡಿಗೆ ಕಲ್ಯಾಣದ ಚಾಲುಕ್ಯರ ಕಾಲದಲ್ಲಿ ಅಳಂದೆ-ಸಾಸಿರವೆಂಬ ಹೆಸರಿದ್ದಿತು. ಈ ಕಾಲದ ದಾನಶಾಸನಗಳನ್ನು ಓದಿದವರಿಗೆ ಮೂರು ಮಾತುಗಳು ಚಿರಪರಿಚಿತವಾಗಿವೆ: ಅಂಗಭೋಗ, ರಂಗಭೋಗ, ಖಂಡಸ್ಫುಟಿತ ಜೀರ್ಣೋದ್ಧಾರ. ದೇವರ ಮೈಗೆ ಸಲ್ಲುವ ಅಭಿಷೇಕ, ಅಲಂಕಾರಾದಿಗಳು ಅಂಗಭೋಗ. ದೇವಾಲಯದ ರಂಗದಲ್ಲಿ ನಡೆಯುವ ನೃತ್ಯ, ಗೀತ, ವಾದ್ಯಗಳು ರಂಗಭೋಗ. ಒಡೆದು ಬಿರಿದುದನ್ನು ಸರಿಪಡಿಸುವುದು ಖಂಡಸ್ಫುಟಿತ ಜೀರ್ಣೋದ್ಧಾರ. ಭೂಮಿಯನ್ನೋ ಸುಂಕದ ಆದಾಯವನ್ನೋ ಬಿಟ್ಟುಕೊಡುವಾಗ ದಾನಿಗಳು ಈ ಉದ್ದೇಶಗಳನ್ನು ಒಂದೇ ಉಸಿರಿನಲ್ಲಿ ಹೇಳುತ್ತಿದ್ದರು.

ಈ ಪದಗಳು ಶಾಸನಗಳಲ್ಲಿ ಪದೇ ಪದೇ ಬರುವುದರಿಂದ ಇವನ್ನು ಕೇವಲ ರೂಢಿಯ ಮಾತುಗಳೆಂದು ದಾಟಿಹೋಗುವ ಅಭ್ಯಾಸ ನಮ್ಮಲ್ಲಿದೆ. ಆದರೆ ಇವು ಜೊತೆಯಾಗಿ ಬರುವುದರಲ್ಲಿಯೇ ಒಂದು ಆಡಳಿತತತ್ತ್ವ ಅಡಗಿದೆಯೆಂದು ನಮ್ಮ ಅಭಿಪ್ರಾಯ. ಕಟ್ಟಡವು ಕಟ್ಟಿದಂದೇ ಸವೆಯತೊಡಗುವುದೆಂಬುದನ್ನು ಆ ಜನ ಅರಿತಿದ್ದರು. ಆದುದರಿಂದ ದುರಸ್ತಿಗೆ ಅಂದೇ ಆದಾಯವನ್ನು ಗೊತ್ತುಮಾಡಿದರು. ಹಾಗೆಯೇ, ಆಡುವವರೂ ಹಾಡುವವರೂ ಇಲ್ಲದ ರಂಗವು ಬರಿಯ ಕಲ್ಲಿನ ಚಪ್ಪರವೆಂಬುದನ್ನು ಅರಿತು ಅವರ ಜೀವಿತಕ್ಕೂ ಅದೇ ಶಾಸನದಲ್ಲಿ ಏರ್ಪಾಡು ಮಾಡಿದರು. ಗೋಡೆಯ ಬಿರುಕು ಬೇರೆ, ಗೆಜ್ಜೆಯ ದನಿ ಬೇರೆ ಎಂದು ಅವರು ಲೆಕ್ಕವನ್ನು ಎರಡು ಮಾಡಲಿಲ್ಲ.

ಹೀಗೆಂದ ಮಾತ್ರಕ್ಕೆ ಆ ವ್ಯವಸ್ಥೆಯನ್ನು ಸರ್ವಥಾ ಕೊಂಡಾಡುವುದು ನ್ಯಾಯವಲ್ಲ. ಆ ರಂಗದ ಬಳಿಗೆ ಸಮಾಜದ ಒಂದು ದೊಡ್ಡ ಭಾಗಕ್ಕೆ ಪ್ರವೇಶವಿರಲಿಲ್ಲ. ನರ್ತಿಸುವ ಹೆಣ್ಣುಮಕ್ಕಳ ಬಾಳನ್ನು ದೇವಾಲಯಕ್ಕೆ ಕಟ್ಟಿಹಾಕಿದ ಪದ್ಧತಿಯೂ ಅದರೊಡನೆಯೇ ಬೆಳೆಯಿತು; ಅದರ ಶೇಷವನ್ನು ತೊಡೆಯಲು ಕರ್ನಾಟಕವು ೧೯೮೨ರಷ್ಟು ಈಚೆಗೆ ಶಾಸನವನ್ನು ಮಾಡಬೇಕಾಯಿತು. ಹಳೆಯ ಏರ್ಪಾಟಿನಲ್ಲಿ ಸಾತತ್ಯವಿದ್ದಿತು, ಸರ್ವರಿಗೂ ಸ್ಥಳವಿರಲಿಲ್ಲ ಎಂದು ಹೇಳುವುದು ಉಚಿತ.

೩

ದೇವಾಲಯದ ಹೊರಗೆ ಊರಿಗೆ ತನ್ನದೇ ಆದ ರಂಗವಿದ್ದಿತು. ಕಿಣ್ಣಿ ಸುಲ್ತಾನದಂಥ ಗ್ರಾಮಗಳ ಈ ಸೀಮೆಗೆ ಒಗ್ಗಿದ ಆಟಗಳೆಂದರೆ ದೊಡ್ಡಾಟ, ಸಣ್ಣಾಟಗಳು. ಸುಗ್ಗಿ ತೀರಿದ ಮೇಲೆ, ಜಾತ್ರೆ ಉರುಸುಗಳ ಸಮಯದಲ್ಲಿ, ಬಯಲಿನಲ್ಲಿ ಅಟ್ಟ ಏಳುತ್ತದೆ. ಒಬ್ಬರ ಮನೆಯ ತೊಲೆ, ಇನ್ನೊಬ್ಬರ ಮನೆಯ ಹಲಗೆ, ಮತ್ತೊಬ್ಬರ ಚಕ್ಕಡಿ ಸೇರಿ ರಂಗವಾಗುವುದು. ತಿಂಗಳುಗಟ್ಟಲೆ ಮಾಸ್ತರನ ಕೈಯಲ್ಲಿ ಕಲಿತ ಒಕ್ಕಲು ಮಕ್ಕಳೇ ರಾಜರೂ ರಾಕ್ಷಸರೂ ಆಗಿ ಬೆಳಗಿನವರೆಗೆ ಕುಣಿಯುವರು. ದೀವಟಿಗೆ ಹೋಗಿ ಗ್ಯಾಸಬತ್ತಿ ಬಂದಿತು, ಗ್ಯಾಸಬತ್ತಿ ಹೋಗಿ ವಿದ್ಯುದ್ದೀಪವೂ ಧ್ವನಿವರ್ಧಕವೂ ಬಂದವು. ಪ್ರತಿಯೊಂದು ಬದಲಾವಣೆಯನ್ನೂ ಆಟವು ತನ್ನ ಹದಕ್ಕೆ ಒಗ್ಗಿಸಿಕೊಂಡಿತು.

ಈ ರಂಗಕ್ಕೆ ಜೀರ್ಣವಾಗುವ ಭಯವೇ ಇಲ್ಲವೆಂಬುದನ್ನು ಗಮನಿಸಬೇಕು. ಅದು ಬೆಳಗಾದೊಡನೆ ಬಿಚ್ಚಿಹೋಗುತ್ತದೆ; ಮರುವರ್ಷ ಹೊಸದಾಗಿ ಏಳುತ್ತದೆ. ಅದನ್ನು ಎತ್ತುವವರು ಅದನ್ನು ಬಳಸುವವರೇ. ಆದರೆ ಮಳೆಗಾಲದಲ್ಲಿ ಅದು ಇಲ್ಲ. ವರ್ಷವಿಡೀ ಅಭ್ಯಾಸಕ್ಕೆ ಅದು ಒದಗದು. ವೇಷಭೂಷಣಗಳನ್ನು ಇಡಲು ಕೋಣೆಯಿಲ್ಲ. ಆದುದರಿಂದ ‘ಬಯಲಾಟದ ನಾಡಿಗೆ ರಂಗಮಂದಿರವೇಕೆ’ ಎಂಬ ಮಾತನ್ನು ನಾವು ಒಪ್ಪುವುದಿಲ್ಲ.

೪

ಆಧುನಿಕ ರಂಗಮಂದಿರಗಳು ಬಂದುದು ಬೇರೆ ಮಾರ್ಗದಿಂದ. ಮೈಸೂರು ಸಂಸ್ಥಾನದಲ್ಲಿ ಪ್ರಜಾಪ್ರತಿನಿಧಿ ಸಭೆಯನ್ನು ೧೮೮೧ರಲ್ಲಿ ಆರಂಭಿಸಿದ ದಿವಾನ್ ಸಿ. ರಂಗಾಚಾರ್ಲು ಅವರು ೧೮೮೩ರಲ್ಲಿ ತೀರಿಕೊಂಡರು. ಮರುವರ್ಷ ಅವರ ನೆನಪಿಗಾಗಿ ಎದ್ದ ಭವನವೇ ಮೈಸೂರಿನ ಪುರಭವನ. ಗುಬ್ಬಿ ಚನ್ನಬಸವೇಶ್ವರ ನಾಟಕ ಸಂಘವು ಹುಟ್ಟಿದುದೂ ೧೮೮೪ರಲ್ಲಿಯೇ ಎಂಬುದು ಕುತೂಹಲಕರವಾದ ಸಂಗತಿ. ಒಂದೇ ವರ್ಷ ನಗರಕ್ಕೆ ಕಲ್ಲಿನ ಸಭಾಂಗಣವೊಂದು, ನಾಡಿಗೆ ಸಂಚರಿಸುವ ರಂಗವೊಂದು ಪ್ರಾಪ್ತವಾದವು. ಕಲ್ಲಿನ ಭವನವು ನಿಂತಲ್ಲಿ ನಿಂತಿತು. ಕಂಪನಿಗಳ ತಗಡಿನ ಥಿಯೇಟರು ಊರೂರು ಅಲೆದು ಉತ್ತರದ ಜಿಲ್ಲೆಗಳನ್ನೂ ಮುಟ್ಟಿತು.

ಬೆಂಗಳೂರಿನ ಪುರಭವನಕ್ಕೆ ನಾಲ್ವಡಿ ಕೃಷ್ಣರಾಜ ಒಡೆಯರು ೧೯೩೩ರಲ್ಲಿ ಅಡಿಗಲ್ಲನ್ನಿರಿಸಿದರು. ೧೯೩೫ರಲ್ಲಿ ಅದು ತೆರೆಯಿತು. ಗ್ರೀಕ್ ರೋಮನ್ ಮಾದರಿಯ ಕಂಬಸಾಲು, ಎತ್ತರವಾದ ಸೋಪಾನಪಂಕ್ತಿ ಇವು ಅದರ ಶೋಭೆ. ಆದರೆ ಇವೆರಡೂ ಮೊದಲಿಗೆ ಪೌರಸಭೆಗಳ ಭವನಗಳು. ನಾಟಕವು ಅಲ್ಲಿ ಅತಿಥಿ. ಭಾಷಣಕ್ಕೆ ಒಪ್ಪುವ ವೇದಿಕೆಯೇ ನಾಟಕಕ್ಕೂ ಸಾಕೆಂಬ ಭಾವನೆ ನಮ್ಮಲ್ಲಿ ಬೇರೂರಿದುದು ಈ ಕಾಲದಲ್ಲಿ. ಇಂದಿಗೂ ಅನೇಕ ಜಿಲ್ಲಾ ರಂಗಮಂದಿರಗಳು ಸಭೆ ಸಮಾರಂಭಗಳಿಂದಲೇ ತುಂಬಿರುವುದಕ್ಕೆ ಇದೇ ಮೂಲ.

ರವೀಂದ್ರನಾಥ ಠಾಕೂರರ ಜನ್ಮಶತಮಾನೋತ್ಸವವು ೧೯೬೧ರಲ್ಲಿ ನಡೆದಾಗ ದೇಶದ ಅನೇಕ ನಗರಗಳಲ್ಲಿ ಅವರ ಹೆಸರಿನ ರಂಗಮಂದಿರಗಳು ಹುಟ್ಟಿದವು. ಹೈದರಾಬಾದಿನ ರವೀಂದ್ರಭಾರತಿ, ಚಂಡೀಗಢದ ಠಾಕೂರ್ ಥಿಯೇಟರು, ಕಲಕತ್ತೆಯ ರವೀಂದ್ರ ಸದನ, ನಮ್ಮ ರವೀಂದ್ರ ಕಲಾಕ್ಷೇತ್ರ ಇವೆಲ್ಲವೂ ಅದೇ ಉತ್ಸಾಹದ ಫಲಗಳು. ಇವುಗಳ ಏಕಕಾಲದ ಜನನವೇ ಇವುಗಳ ಏಕಕಾಲದ ವಾರ್ಧಕ್ಯಕ್ಕೂ ಕಾರಣವಾಗಿದೆ.

ಕಲಾಕ್ಷೇತ್ರದ ಇತಿಹಾಸದಲ್ಲಿ ೧೯೭೨ರ ಒಂದು ಪ್ರಸಂಗವು ನಮ್ಮ ವಿಷಯಕ್ಕೆ ಬಹುಮುಖ್ಯವಾದುದು. ಆ ವರ್ಷ ಬಿ. ವಿ. ಕಾರಂತರು ‘ಈಡಿಪಸ್’, ‘ಜೋಕುಮಾರಸ್ವಾಮಿ’, ‘ಸಂಕ್ರಾಂತಿ’ ನಾಟಕಗಳನ್ನು ಆಡಿಸಿದುದು ಭವನದ ಒಳಗಲ್ಲ, ಅದರ ಹಿಂದಣ ಬಯಲಿನಲ್ಲಿ. ಚಂದ್ರಶೇಖರ ಕಂಬಾರರ ‘ಜೋಕುಮಾರಸ್ವಾಮಿ’ಯು ಉತ್ತರ ಕರ್ನಾಟಕದ ಬಯಲಾಟದಿಂದ ರೂಪವನ್ನು ಪಡೆದ ನಾಟಕ; ಪಿ. ಲಂಕೇಶರ ‘ಸಂಕ್ರಾಂತಿ’ಯು ಹನ್ನೆರಡನೆಯ ಶತಮಾನದ ಕಲ್ಯಾಣದ ಕಥೆ. ಕಲ್ಯಾಣ ಸೀಮೆಯ ವಸ್ತುವೂ ಬಯಲಾಟದ ರೀತಿಯೂ ರಾಜಧಾನಿಗೆ ಬಂದಾಗ ಅವಕ್ಕೆ ಒದಗಿದುದು ಬಯಲೇ. ಮುಂದೆ ಆ ಸ್ಥಳವು ನಾಟಕಕಾರ ಸಂಸರ ಹೆಸರಿನ ಬಯಲು ರಂಗಮಂದಿರವಾಯಿತು. ಕಟ್ಟಡಕ್ಕೆ ನಿಜವಾದ ವಿಸ್ತರಣೆಯನ್ನು ಕೊಟ್ಟವರು ಅದನ್ನು ಬಳಸುತ್ತಿದ್ದ ರಂಗಕರ್ಮಿಗಳೆಂಬುದು ಇದರಿಂದ ಸಿದ್ಧವಾಗುವುದು.

೫

ಕಲಬುರಗಿಯ ಸೀಮೆಗೆ ಈ ಎರಡು ಅಲೆಗಳೂ ತಡವಾಗಿ ತಲುಪಿದವು. ೧೯೪೮ರ ತನಕ ಅದು ನಿಜಾಮರ ರಾಜ್ಯಕ್ಕೆ ಸೇರಿದ್ದಿತು. ಸಾರ್ವಜನಿಕ ಸಭೆಗಳಿಗೆ ಮುಂಚಿತವಾಗಿ ಅಪ್ಪಣೆ ಬೇಡುವ ‘ಗಸ್ತಿ ನಿಶಾನ್ ೫೩’ರಂಥ ಆಜ್ಞೆಗಳಿದ್ದಲ್ಲಿ ಪುರಭವನದ ಸಂಸ್ಕೃತಿ ಬೆಳೆಯುವುದು ದುಸ್ತರ. ೧೯೫೬ರಲ್ಲಿ ಅದು ಮೈಸೂರು ರಾಜ್ಯವನ್ನು ಸೇರಿತು. ಸುಮಾರು ೨೨೦ ಕಿಲೊಮೀಟರ್ ದೂರದ ಹೈದರಾಬಾದಿಗೆ ಬದಲಾಗಿ ೬೦೦ ಕಿಲೊಮೀಟರಿನಷ್ಟು ದೂರದ ಬೆಂಗಳೂರು ರಾಜಧಾನಿಯಾಯಿತು. ರವೀಂದ್ರಭಾರತಿ ಏಳುವ ವೇಳೆಗೆ ಈ ಜನ ಆ ರಾಜ್ಯದವರಾಗಿರಲಿಲ್ಲ. ಕಲಾಕ್ಷೇತ್ರವೋ ಎರಡು ಹಗಲಿನ ಪ್ರಯಾಣದಂತಿದ್ದಿತು.

ಮುಂದೆ ಕಲಬುರಗಿಯ ರಂಗಮಂದಿರಕ್ಕೆ ಆ ಊರಿನಲ್ಲಿಯೇ ೧೯೧೬ರಲ್ಲಿ ಜನಿಸಿದ, ಚಲನಚಿತ್ರಗಳ ಭಿತ್ತಿಪತ್ರಗಳಿಂದಲೂ ಪೌರಾಣಿಕ ಚಿತ್ರಗಳಿಂದಲೂ ಪ್ರಖ್ಯಾತರಾದ ಎಸ್. ಎಂ. ಪಂಡಿತರ ಹೆಸರು ಬಂದಿತು; ರಾಯಚೂರಿನ ರಂಗಮಂದಿರಕ್ಕೆ ಗಾಯಕ ಸಿದ್ಧರಾಮ ಜಂಬಲದಿನ್ನಿಯವರ ಹೆಸರು ಬಂದಿತು. ೧೯೮೯ರಲ್ಲಿ ಮೈಸೂರಿನಲ್ಲಿ ಆರಂಭವಾದ ರಂಗಾಯಣವು ಕಾಲಾನಂತರದಲ್ಲಿ ಕಲಬುರಗಿಗೂ ಒದಗಿತು. ತಡವಾಗಿ ದೊರೆತುದರ ಬೆಲೆ ಹೆಚ್ಚು. ಇಂಥ ಸೀಮೆಯಲ್ಲಿ ಇರುವ ಒಂದು ಮಂದಿರವು ದುರಸ್ತಿಗೆಂದು ವರ್ಷಗಟ್ಟಲೆ ಮುಚ್ಚಿದರೆ ಬದಲಿಗೆ ಹೋಗಲು ಮತ್ತೊಂದಿರುವುದಿಲ್ಲ. ಒಂದು ತಲೆಮಾರಿನ ವಿದ್ಯಾರ್ಥಿನಟರು ರಂಗವನ್ನೇ ಏರದೆ ಕಾಲೇಜನ್ನು ಬಿಟ್ಟುಹೋಗುವರು. ನವೀಕರಣದ ವೆಚ್ಚದಲ್ಲಿ ಈ ನಷ್ಟವನ್ನು ಯಾರೂ ಬರೆದಿಡುವುದಿಲ್ಲ.

೬

ಇನ್ನು ನವೀಕರಣದಲ್ಲಿ ಗಮನಿಸತಕ್ಕ ಅಂಶಗಳನ್ನು ಸಂಕ್ಷೇಪವಾಗಿ ಹೇಳುತ್ತೇವೆ. ಮೊದಲನೆಯದು ಧ್ವನಿ. ಭರತನ ನಾಟ್ಯಶಾಸ್ತ್ರವು ಎರಡನೆಯ ಅಧ್ಯಾಯದಲ್ಲಿ ಮನುಷ್ಯರಿಗೆ ೬೪ ಹಸ್ತ ಉದ್ದ, ೩೨ ಹಸ್ತ ಅಗಲದ ಮಧ್ಯಮ ಪ್ರಮಾಣದ ಮಂದಿರವೇ ಯೋಗ್ಯವೆಂದು ವಿಧಿಸಿದೆ. ಅದಕ್ಕೂ ದೊಡ್ಡದಾದರೆ ಮಾತು ಕೆಡುವುದು, ಮುಖದ ಭಾವ ಕಾಣದು ಎಂಬುದು ಅದರ ಕಾರಣ. ಆಧುನಿಕ ವಿಜ್ಞಾನದಲ್ಲಿ ಇದೇ ಪ್ರಶ್ನೆಯನ್ನು ಕೈಗೆತ್ತಿಕೊಂಡವರು ಅಮೆರಿಕದ ಹಾರ್ವರ್ಡ್ ವಿಶ್ವವಿದ್ಯಾನಿಲಯದ ವ್ಯಾಲೇಸ್ ಸೇಬಿನ್. ೧೮೯೫ರಲ್ಲಿ ಅಲ್ಲಿಯ ಒಂದು ಉಪನ್ಯಾಸಭವನದಲ್ಲಿ ಮಾತೇ ತಿಳಿಯದಂತಾದಾಗ ಅದನ್ನು ಸರಿಪಡಿಸುವ ಕೆಲಸ ಅವರ ಪಾಲಿಗೆ ಬಂದಿತು. ರಾತ್ರಿಯ ನಿಶ್ಶಬ್ದದಲ್ಲಿ ಮೆತ್ತೆಗಳನ್ನು ಒಂದೊಂದಾಗಿ ಇರಿಸಿ, ಆರ್ಗನ್ ಕೊಳವೆಯ ನಾದವು ಆರಲು ಹಿಡಿಯುವ ಕಾಲವನ್ನು ಅಳೆದು, ಅನುರಣನದ ಕಾಲವು ಭವನದ ಘನಪರಿಮಾಣಕ್ಕೆ ಅನುಲೋಮವಾಗಿಯೂ ನಾದವನ್ನು ಹೀರುವ ವಸ್ತುಗಳಿಗೆ ವಿಲೋಮವಾಗಿಯೂ ಇರುವುದೆಂದು ಅವರು ಕಂಡುಹಿಡಿದರು. ಮಾತಿಗೆ ಸುಮಾರು ಒಂದು ಸೆಕೆಂಡಿನ ಅನುರಣನ ಹಿತ. ಸಂಗೀತಕ್ಕೆ ಅದಕ್ಕಿಂತ ಹೆಚ್ಚು ಬೇಕು.

ಇದರ ವ್ಯಾವಹಾರಿಕ ಅರ್ಥವೇನು? ಮರದ ಹಲಗೆಯನ್ನು ತೆಗೆದು ನುಣುಪಾದ ಕಲ್ಲನ್ನು ಹಾಸಿದರೆ, ಒರಟು ಗೋಡೆಗೆ ಹೊಳೆಯುವ ಹೊದಿಕೆಯನ್ನು ಕೊಟ್ಟರೆ, ಸೂರಿನ ಎತ್ತರವನ್ನು ಬದಲಿಸಿದರೆ, ಮಂದಿರದ ದನಿಯೇ ಬದಲಾಗುತ್ತದೆ. ಅನುರಣನವು ಮಿತಿಮೀರಿದರೆ ಹಿಂದಣ ಸ್ವರದ ಗುಂಗು ಮುಂದಣ ವ್ಯಂಜನವನ್ನು ನುಂಗುವುದು. ಒತ್ತಕ್ಷರಗಳಿಂದ ತುಂಬಿದ ಕನ್ನಡದ ಸಂಭಾಷಣೆಗೆ ಇದಕ್ಕಿಂತ ದೊಡ್ಡ ಹಾನಿ ಬೇರಿಲ್ಲ. ಶೀತಯಂತ್ರದ ಮೊರೆತವು ಮೆಲ್ಲಗೆ ಆಡಿದ ಮಾತನ್ನು ಅಳಿಸಿಬಿಡುವುದು. ಆಗ ಪ್ರತಿ ನಟನಿಗೂ ಧ್ವನಿವರ್ಧಕ ಬೇಕಾಗುವುದು. ಅದರ ಬಾಡಿಗೆ ಹವ್ಯಾಸಿ ತಂಡದ ಮೇಲೆ ಬೀಳುವುದು.

ಎರಡನೆಯದು ಸುರಕ್ಷತೆ. ಇಲ್ಲಿ ಹಳೆಯದರ ಮೇಲಿನ ಮಮತೆಗೆ ಎಡೆಯಿಲ್ಲ. ೧೯೮೧ರ ಫೆಬ್ರವರಿ ೭ರಂದು ಬೆಂಗಳೂರಿನ ವೀನಸ್ ಸರ್ಕಸ್ಸಿನ ಡೇರೆಗೆ ಬೆಂಕಿ ತಗುಲಿ ೯೦ಕ್ಕೂ ಮಿಕ್ಕಿ ಜನ ಮಡಿದರು. ಅವರಲ್ಲಿ ಬಹುಪಾಲು ಮಕ್ಕಳು. ೧೯೯೭ರಲ್ಲಿ ದೆಹಲಿಯ ಉಪಹಾರ್ ಚಿತ್ರಮಂದಿರದ ಅಗ್ನಿದುರಂತದಲ್ಲಿ ೫೯ ಜನ ಮೃತರಾದರು. ಹಳೆಯ ವಿದ್ಯುತ್ ತಂತಿ, ಮುಚ್ಚಿದ ಬಾಗಿಲು, ಬೆಂಕಿಯನ್ನು ಹಿಡಿಯುವ ಪರದೆ ಇವನ್ನು ಮೊಟ್ಟಮೊದಲು ಬದಲಿಸಬೇಕು. ಮುಂಭಾಗದ ಅಲಂಕಾರಕ್ಕೆ ಹಣವು ಸಂದು ಹಿಂಬಾಗಿಲಿಗೆ ಸಾಲದೆ ಹೋದರೆ ಅದು ನವೀಕರಣವೇ ಅಲ್ಲ.

ಮೂರನೆಯದು ನೇಪಥ್ಯ. ಸ್ತ್ರೀಯರು ನಾಟಕಕ್ಕೆ ಧಾರಾಳವಾಗಿ ಬಂದಿರುವ ಈ ಕಾಲದಲ್ಲಿ ಅವರಿಗೆ ಬಾಗಿಲು ಭದ್ರವಾದ ಬಣ್ಣದ ಕೋಣೆಯೂ ಶೌಚಗೃಹವೂ ಇಲ್ಲದ ಮಂದಿರವು ಅರ್ಧ ಸಮಾಜಕ್ಕೆ ಮುಚ್ಚಿದಂತೆಯೇ ಸರಿ. ನಾಲ್ಕನೆಯದು ಬಾಡಿಗೆ. ಆಸನಗಳು ಹೊಸದಾದೊಡನೆ ಬಾಡಿಗೆಯೂ ಏರಿದರೆ ಆಳಂದದಿಂದಲೋ ಜೇವರ್ಗಿಯಿಂದಲೋ ಬರುವ ಬಯಲಾಟದ ಮೇಳವು ಹೊರಗೆ ಉಳಿಯುವುದು. ಒಳಗೆ ಬರುವುದು ಮದುವೆಯ ಆರತಕ್ಷತೆ. ದೇವಾಲಯದ ರಂಗವು ಹುಟ್ಟಿನಿಂದ ಕೆಲವರನ್ನು ಹೊರಗಿಟ್ಟಿತು. ಸಾರ್ವಜನಿಕ ರಂಗವು ಬೆಲೆಯಿಂದ ಹೊರಗಿಟ್ಟರೆ ನಾವು ಗಳಿಸಿದುದು ಅಲ್ಪವೇ.

೭

ಮೇಲಣ ವಿವೇಚನೆಯಿಂದ ನಾವು ತಲುಪುವ ನಿರ್ಣಯವಿದು. ಆಧುನಿಕ ರಂಗಮಂದಿರವು ಸರ್ವರಿಗೂ ಸ್ಥಳವನ್ನು ಕೊಟ್ಟಿತು, ಆದರೆ ಸಾತತ್ಯವನ್ನು ಕಳೆದುಕೊಂಡಿತು. ಒಂದು ಉತ್ಸವದ ನೆಪದಲ್ಲಿ ಒಂದು ಸಲ ಹಣವು ಬರುವುದು, ಕಟ್ಟಡವು ಏಳುವುದು, ಬಳಿಕ ದಶಕಗಳ ಅಲಕ್ಷ್ಯ, ಕೊನೆಗೆ ಒಂದು ದೊಡ್ಡ ಗುತ್ತಿಗೆ. ಇದಕ್ಕೆ ಬದಲಾಗಿ ಪ್ರತಿಯೊಂದು ಮಂದಿರಕ್ಕೂ ವಾರ್ಷಿಕವಾದ ಒಂದು ನಿಧಿ ಬೇಕು. ಅದರ ಒಂದು ಪಾಲು ದುರಸ್ತಿಗೆ, ಇನ್ನೊಂದು ಪಾಲು ಅಲ್ಲಿ ಆಡುವವರಿಗೆ ಸಲ್ಲಬೇಕು. ಅದರ ಮೇಲ್ವಿಚಾರಣೆಯಲ್ಲಿ ರಂಗಕರ್ಮಿಗಳಿಗೆ ಸ್ಥಾನವಿರಬೇಕು.

ಈ ಕಾರ್ಯದಲ್ಲಿ ಕಾಲೇಜುಗಳಿಗೂ ಒಂದು ಪಾಲುಂಟು. ತಮ್ಮ ಊರಿನ ರಂಗಮಂದಿರದ ಉದ್ದಗಲಗಳು, ಆಸನಗಳ ಸಂಖ್ಯೆ, ಹಿಂದಿನ ಸಾಲಿಗೆ ಮಾತು ಕೇಳುವ ಬಗೆ, ಅಲ್ಲಿ ನಡೆದ ಪ್ರಯೋಗಗಳ ಪಟ್ಟಿ, ಹಿರಿಯ ನಟರ ನೆನಪುಗಳು ಇವನ್ನು ವಿದ್ಯಾರ್ಥಿಗಳು ದುರಸ್ತಿಗೆ ಮುನ್ನವೇ ಸಂಗ್ರಹಿಸಿ ಇಡಲಿ. ಒಡೆದ ಮೇಲೆ ಅಳೆಯುವುದು ಸಾಧ್ಯವಿಲ್ಲ. ಇತಿಹಾಸದ ವಿದ್ಯಾರ್ಥಿಗೆ ಇದಕ್ಕಿಂತ ಸಮೀಪದ, ಇದಕ್ಕಿಂತ ಉಪಯುಕ್ತವಾದ ಕ್ಷೇತ್ರಕಾರ್ಯ ಬೇರೆ ದೊರೆಯುವುದು ವಿರಳ.

ಅಳಂದೆ-ಸಾಸಿರದ ಕಾಲದ ಲಿಪಿಕಾರನು ರಂಗಭೋಗವನ್ನೂ ಜೀರ್ಣೋದ್ಧಾರವನ್ನೂ ಒಂದೇ ವಾಕ್ಯದಲ್ಲಿ ಕಂಡರಿಸಿದನು. ನಮ್ಮ ಆಯವ್ಯಯದ ಪತ್ರಗಳಲ್ಲಿಯೂ ಅವು ಮತ್ತೆ ಒಂದೇ ವಾಕ್ಯಕ್ಕೆ ಬರಬೇಕು.