ಮಾಪಕಕ್ಕೆ ದೂರದಿಂದ ಎಚ್ಚರಿಕೆ ಮಿತಿ ವಿಧಿಸುವ ಕ್ರಮ

ಕನ್ನಡ ಮಾಧ್ಯಮದಲ್ಲಿ ಓದಿ ಪಾಲಿಟೆಕ್ನಿಕ್ ಸೇರುವ ಗಡಿನಾಡಿನ ಮಕ್ಕಳಿಗೆ ಪ್ರಯೋಗಾಲಯದ ಕೈಪಿಡಿಗಳು ಇಂಗ್ಲಿಷಿನಲ್ಲೇ ಎದುರಾಗುತ್ತವೆ. ಅಂತಹ ಒಂದು ವಿಷಯವನ್ನು ಇಲ್ಲಿ ಕನ್ನಡದಲ್ಲಿ ವಿವರಿಸುತ್ತಿದ್ದೇವೆ.

ಅಳತೆಯೊಂದು ಯಾವ ಕೆಳಮಿತಿ ಮತ್ತು ಮೇಲ್ಮಿತಿಗಳ ನಡುವೆ ಇರಬೇಕೆಂದು ಮಾಪಕಕ್ಕೆ ಮೊದಲೇ ತಿಳಿಸಿದರೆ, ಮೀರಿದಾಗ ಅದೇ ಎಚ್ಚರಿಸುತ್ತದೆ. ಗುಂಡಿ ಒತ್ತದೆ, ಗಣಕಯಂತ್ರದಿಂದಲೇ ಹೀಗೆ ತಿಳಿಸಲು 1990ರಲ್ಲಿ ‘ಸ್ಕಿಪಿ’ (ಎಸ್‌ಸಿಪಿಐ) ಎಂಬ ಸಮಾನ ಆದೇಶಭಾಷೆ ರೂಪುಗೊಂಡಿತು. ಅದಕ್ಕೆ ತಳಹದಿ 1987ರ ಐಇಇಇ 488.2 ಮಾನಕ.

ಎಚ್‌ಪಿ 34401ಎ ಮಲ್ಟಿಮೀಟರನ್ನೇ ನೋಡೋಣ. 5 ವೋಲ್ಟ್ ವಿದ್ಯುತ್ ಪೂರೈಕೆಯಲ್ಲಿ ಶೇ. 5ರಷ್ಟು ಏರಿಳಿತ ಒಪ್ಪಿಗೆಯೆಂದಾದರೆ ಮಿತಿಗಳು 4.75 ಮತ್ತು 5.25. ಮೊದಲು ‘ಕ್ಯಾಲ್ಕ್ಯುಲೇಟ್:ಫಂಕ್ಷನ್ ಲಿಮಿಟ್’ ಎಂದು ಮಿತಿಪರೀಕ್ಷೆಯನ್ನು ಆರಿಸಿ, ‘ಕ್ಯಾಲ್ಕ್ಯುಲೇಟ್:ಸ್ಟೇಟ್ ಆನ್’ ಎಂದು ಅದನ್ನು ಚಾಲೂ ಮಾಡಬೇಕು. ಬಳಿಕ ‘ಕ್ಯಾಲ್ಕ್ಯುಲೇಟ್:ಲಿಮಿಟ್:ಲೋವರ್ 4.75’, ‘ಕ್ಯಾಲ್ಕ್ಯುಲೇಟ್:ಲಿಮಿಟ್:ಅಪ್ಪರ್ 5.25’. ಇಲ್ಲಿನ ಅರ್ಧವಿರಾಮದಂಥ ಎರಡು ಚುಕ್ಕಿಗಳು ಮನೆ, ಕೋಣೆ, ಕಪಾಟು ಎಂಬಂತೆ ಒಳಗೊಳಗಿನ ಹಂತಗಳನ್ನು ಸೂಚಿಸುತ್ತವೆ.

ಹೊಸಬರು ಎಡವುವುದು ಇದರ ನಂತರ. ಇಂತಹ ಆದೇಶಕ್ಕೆ ಮಾಪಕ ಮರುತ್ತರ ಕೊಡುವುದಿಲ್ಲ. ಒಪ್ಪಿದರೂ ಮೌನ, ಕಾಗುಣಿತ ತಪ್ಪಿ ತಿರಸ್ಕರಿಸಿದರೂ ತಂತಿಯ ಮೇಲೆ ಮೌನವೇ. ತಪ್ಪು ಅದರ ದೋಷಸರದಿಯಲ್ಲಿ ದಾಖಲಾಗಿರುತ್ತದೆ, ನಾವು ಕೇಳಬೇಕು ಅಷ್ಟೆ. ‘ಸಿಸ್ಟಮ್:ಎರರ್?’ ಎಂದು ಕೇಳಿದಾಗ ಸೊನ್ನೆ ಬಂದರೆ ದೋಷವಿಲ್ಲ. -113 ಬಂದರೆ ಆದೇಶವೇ ಅರ್ಥವಾಗಿಲ್ಲ. -222 ಬಂದರೆ ಕೊಟ್ಟ ಸಂಖ್ಯೆ ವ್ಯಾಪ್ತಿ ಮೀರಿದೆ. ಅದೂ ಸಾಲದು. ‘ಕ್ಯಾಲ್ಕ್ಯುಲೇಟ್:ಲಿಮಿಟ್:ಅಪ್ಪರ್?’ ಎಂದು ಪ್ರಶ್ನಾರ್ಥಕ ಚಿಹ್ನೆಯೊಡನೆ ಕಳುಹಿಸಿ, ನಿಂತಿರುವ ಮಿತಿಯನ್ನು ಓದಿಕೊಳ್ಳಬೇಕು. 5.25ರ ಬದಲು 52.5 ಎಂದು ಬರೆದಿದ್ದರೆ ಯಂತ್ರಕ್ಕೆ ಅದು ತಪ್ಪಲ್ಲ; ನಮಗೆ ತಪ್ಪು.

ಮಿತಿ ಮೀರಿದ ಸಂಗತಿ ‘ಕ್ವೆಶ್ಚನಬಲ್ ಡೇಟಾ’ ರಿಜಿಸ್ಟರಿನಲ್ಲಿ ಗುರುತಾಗುತ್ತದೆ: ಕೆಳಮಿತಿ ತಪ್ಪಿದರೆ 11ನೆಯ ಬಿಟ್, ಅಂದರೆ 2048, ಮೇಲ್ಮಿತಿ ಮೀರಿದರೆ 12ನೆಯದು, 4096. ಘಟನಾ ರಿಜಿಸ್ಟರನ್ನು ಒಮ್ಮೆ ಓದಿದೊಡನೆ ಅದು ಅಳಿಸಿಹೋಗುವುದರಿಂದ ಓದಿದ್ದನ್ನು ಕಾರ್ಯಕ್ರಮದಲ್ಲಿ ಕಾಪಿಡಬೇಕು.

ಅತ್ಯಂತ ಅಪಾಯಕಾರಿಯಾದದ್ದು ವಿದ್ಯುತ್ ಕಡಿತ. ಈ ಮಾಪಕದಲ್ಲಿ ಮಿತಿಗಳು ಅಳಿಯುವ ಸ್ಮೃತಿಯಲ್ಲಿರುತ್ತವೆ. ವಿದ್ಯುತ್ ಹೋಗಿ ಬಂದರೆ ಎರಡೂ ಸೊನ್ನೆಯಾಗಿ, ಪರೀಕ್ಷೆಯೂ ನಿಂತಿರುತ್ತದೆ. ಆಗ ರಿಜಿಸ್ಟರನ್ನು ಕೇಳಿದರೆ ಸೊನ್ನೆ ಬರುತ್ತದೆ, ಎಲ್ಲವೂ ಸರಿಯಿದ್ದಾಗ ಬರುವ ಸೊನ್ನೆಯಂತೆಯೇ. ಕಾವಲೇ ಇಲ್ಲದಿರುವುದು ನೋಡುವವರಿಗೆ ತಿಳಿಯದು. ಆದ್ದರಿಂದ ಪ್ರತಿ ಸಲ ಅಳತೆ ಆರಂಭಿಸುವ ಮೊದಲು ನಾಲ್ಕೂ ಆದೇಶಗಳನ್ನು ಮತ್ತೆ ಕಳುಹಿಸಿ, ‘ಕ್ಯಾಲ್ಕ್ಯುಲೇಟ್:ಸ್ಟೇಟ್?’ ಎಂದು ಕೇಳಿ 1 ಎಂಬ ಉತ್ತರ ಬಂದಿತೇ ಎಂದು ನೋಡಿಕೊಳ್ಳತಕ್ಕದ್ದು.