ಸ್ವಹಿತದ ಲೆಕ್ಕ ಮತ್ತು 1906ರ ಮದರಾಸು

1906ರ ಅಕ್ಟೋಬರ್ 22ರಂದು ಮದರಾಸಿನ ಅರ್ಬತ್‌ನಾಟ್ ಸಂಸ್ಥೆ ಪಾವತಿಯನ್ನು ನಿಲ್ಲಿಸಿತು. ಅದರ ಲಂಡನ್ ವ್ಯವಹಾರವನ್ನು ನೋಡಿಕೊಳ್ಳುತ್ತಿದ್ದ ಪಾಲುದಾರ ಮ್ಯಾಕ್‌ಫೇಡಿಯನ್ ಅದಕ್ಕೆ ಎರಡು ದಿನ ಮೊದಲೇ ಆತ್ಮಹತ್ಯೆ ಮಾಡಿಕೊಂಡಿದ್ದ. ಸಟ್ಟಾ ವ್ಯವಹಾರದಲ್ಲಿ ಹಣ ಕರಗಿಹೋಗಿತ್ತು. ಠೇವಣಿದಾರರಲ್ಲಿ ಪಿಂಚಣಿದಾರರು, ವಿಧವೆಯರು, ವಕೀಲರು, ಜಮೀನುದಾರರು, ಸರ್ಕಾರಿ ನೌಕರರು ಇದ್ದರು. ಸಂಸ್ಥೆಯ ಮುಖ್ಯಸ್ಥ ಸರ್ ಜಾರ್ಜ್ ಅರ್ಬತ್‌ನಾಟ್‌ಗೆ ಹದಿನೆಂಟು ತಿಂಗಳ ಕಠಿಣ ಸಜೆಯಾಯಿತು.

ಹಣ ಕಳೆದುಕೊಂಡವರು ಅವಿವೇಕಿಗಳಾಗಿದ್ದರೆ? ಹಾಗೆನ್ನುವುದು ಕಷ್ಟ. ಸಂಸ್ಥೆ ಹಳೆಯದು, ಅದರ ಮುಖ್ಯಸ್ಥ ಆಳುವವರ ವಲಯದಲ್ಲಿ ಮಾನ್ಯ, ಬಡ್ಡಿ ಆಕರ್ಷಕ. ತನ್ನ ಹಿತವನ್ನು ಅಳೆದು ನೋಡುವ ಯಾವ ಗೃಹಸ್ಥನೂ ಅಲ್ಲಿ ಹಣವಿಡುವುದೇ ಸರಿಯೆಂದು ತೀರ್ಮಾನಿಸಬಹುದಿತ್ತು. ಲೆಕ್ಕ ತಪ್ಪಿರಲಿಲ್ಲ, ಲೆಕ್ಕಕ್ಕೆ ಬೇಕಾದ ಸಂಗತಿಗಳು ಅವನ ಕಣ್ಣಿಗೆ ಬೀಳುವಂತಿರಲಿಲ್ಲ.

‘ವಿವೇಕಯುತ ಸ್ವಹಿತ’ ಎಂಬ ಪರಿಕಲ್ಪನೆಯ ಚರಿತ್ರೆಯಲ್ಲಿ ಈ ಅಂತರ ಬಹಳ ಮುಖ್ಯ. 1776ರಲ್ಲಿ ಆಡಂ ಸ್ಮಿತ್, ನಮ್ಮ ಊಟ ಒದಗುವುದು ವ್ಯಾಪಾರಿಯ ಔದಾರ್ಯದಿಂದಲ್ಲ, ಅವನು ತನ್ನ ಲಾಭವನ್ನು ನೋಡಿಕೊಳ್ಳುವುದರಿಂದ ಎಂದು ವಾದಿಸಿದ. 1836ರಲ್ಲಿ ಜಾನ್ ಸ್ಟುವರ್ಟ್ ಮಿಲ್, ಅರ್ಥಶಾಸ್ತ್ರವು ಮನುಷ್ಯನನ್ನು ಸಂಪತ್ತನ್ನು ಬಯಸುವ ಜೀವಿಯೆಂದಷ್ಟೇ ಭಾವಿಸಿ ಮುಂದುವರಿಯುತ್ತದೆ ಎಂದ. ಇದು ಅಧ್ಯಯನದ ಅನುಕೂಲಕ್ಕಾಗಿ ಮಾಡಿಕೊಂಡ ಊಹೆಯೆಂಬುದು ಅವನಿಗೆ ಗೊತ್ತಿತ್ತು. ಅನಂತರದವರಲ್ಲಿ ಅನೇಕರು ಊಹೆಯನ್ನೇ ಸ್ವಭಾವವೆಂದು ಬಗೆದರು. ಕೌಟಿಲ್ಯನೂ ಧರ್ಮ ಕಾಮಗಳಿಗೆ ಅರ್ಥವೇ ಮೂಲವೆಂದವನು. ಮೈಸೂರಿನಲ್ಲಿ ದೊರೆತ ಅವನ ಗ್ರಂಥದ ಹಸ್ತಪ್ರತಿಯನ್ನು ಆರ್. ಶಾಮಶಾಸ್ತ್ರಿಗಳು 1909ರಲ್ಲಿ ಪ್ರಕಟಿಸಿದರು. ಆದರೆ ಆ ಗ್ರಂಥ ಲಾಭದ ಮಾತನ್ನಾಡಿ ಸುಮ್ಮನಾಗುವುದಿಲ್ಲ. ಸಾಲ, ಸಾಕ್ಷಿ, ಹೊಣೆಗಾರಿಕೆ, ಇಟ್ಟ ನಿಧಿಯ ರಕ್ಷಣೆ, ತಪ್ಪಿದವನಿಗೆ ದಂಡ ಇವೆಲ್ಲವನ್ನೂ ವಿವರಿಸುತ್ತದೆ. ಸ್ವಹಿತ ತನ್ನಷ್ಟಕ್ಕೆ ವಿವೇಕಯುತವಾಗಿರದು, ಅದಕ್ಕೆ ಕಟ್ಟುಪಾಡು ಬೇಕು ಎಂಬ ಅರಿವು ಅಲ್ಲಿದೆ.

ಮದರಾಸಿನ ಬೀದಿಗಳಲ್ಲಿ ಈ ಅರಿವು ಗ್ರಂಥದ ನೆರವಿಲ್ಲದೆಯೇ ಬಳಕೆಯಲ್ಲಿತ್ತು. ಚೀಟಿಯ ವ್ಯವಹಾರವನ್ನೇ ನೋಡೋಣ. ಇಪ್ಪತ್ತು ಜನ ತಿಂಗಳಿಗೆ ಹತ್ತು ರೂಪಾಯಿಯಂತೆ ಹಾಕಿದರೆ ಇನ್ನೂರು ರೂಪಾಯಿ ಕೂಡುತ್ತದೆ. ತುರ್ತು ಇರುವವನು ನಲವತ್ತು ರೂಪಾಯಿ ಬಿಟ್ಟುಕೊಟ್ಟು ನೂರ ಅರವತ್ತನ್ನು ಎತ್ತಿಕೊಳ್ಳುತ್ತಾನೆ. ಬಿಟ್ಟ ಹಣ, ನಡೆಸುವವನ ಪಾಲು ಕಳೆದು, ಎಲ್ಲರಿಗೂ ಹಂಚಿಕೆಯಾಗುತ್ತದೆ. ಅವಸರವುಳ್ಳವನಿಗೆ ಸಾಲ, ಕಾಯಬಲ್ಲವನಿಗೆ ಲಾಭ. ಸ್ಮಿತ್ ಮೆಚ್ಚಬಹುದಾದ ಏರ್ಪಾಡು. ಆದರೆ ಮೊದಲ ತಿಂಗಳೇ ಹಣ ಎತ್ತಿದವನು ಉಳಿದ ಹತ್ತೊಂಬತ್ತು ತಿಂಗಳು ಕಂತು ಕಟ್ಟುವುದೇಕೆ? ಬರಿಯ ಸ್ವಹಿತದ ಲೆಕ್ಕದಲ್ಲಿ ಅವನು ಮಾಯವಾಗುವುದೇ ಜಾಣತನ. ಅವನು ಹಾಗೆ ಮಾಡದಿರುವುದು ಜಾಮೀನಿಗೆ ನಿಂತ ನೆಂಟನಿಂದ, ಎದುರುಮನೆಯವರ ಕಣ್ಣಿನಿಂದ, ನಾಳೆಯೂ ಅದೇ ಬೀದಿಯಲ್ಲಿ ಬಾಳಬೇಕೆಂಬ ಎಚ್ಚರದಿಂದ.

ಇದೇ ನಂಬಿಕೆಗೆ ಕಾನೂನಿನ ಚೌಕಟ್ಟು ಸೇರಿದಾಗ ‘ನಿಧಿ’ಗಳು ಹುಟ್ಟಿದವು. 1872ರಲ್ಲಿ ಆರಂಭವಾದ ಮೈಲಾಪುರದ ಹಿಂದೂ ಪರ್ಮನೆಂಟ್ ಫಂಡ್ ಅವುಗಳಲ್ಲಿ ಪ್ರಸಿದ್ಧವಾದದ್ದು. ಇಲ್ಲಿ ಹಣವಿಡುವವರೂ ಸಾಲ ಪಡೆಯುವವರೂ ಸದಸ್ಯರೇ. ಮದರಾಸು ಸರ್ಕಾರದ ಪರವಾಗಿ ಕೃಷಿಬ್ಯಾಂಕುಗಳನ್ನು ಅಧ್ಯಯನ ಮಾಡಿದ ಫ್ರೆಡರಿಕ್ ನಿಕಲ್ಸನ್ 1895 ಮತ್ತು 1897ರ ವರದಿಗಳಲ್ಲಿ, ಜರ್ಮನಿಯ ರೈಫೈಸನ್ ಮಾದರಿಯ ಗ್ರಾಮಸಂಘಗಳೇ ಪರಿಹಾರವೆಂದ. ಅಲ್ಲಿ ಒಬ್ಬನ ಸಾಲಕ್ಕೆ ಎಲ್ಲರೂ ಹೊಣೆ. ಆದ್ದರಿಂದ ನೆರೆಯವನ ನಡತೆಯ ಮೇಲೆ ಕಣ್ಣಿಡುವುದೇ ಪ್ರತಿಯೊಬ್ಬನ ಸ್ವಹಿತ. 1904ರ ಸಹಕಾರಿ ಕಾಯಿದೆ ಈ ಚಿಂತನೆಯ ಫಲ. ಮರುವರ್ಷವೇ ಮುಂಬಯಿ ಪ್ರಾಂತ್ಯದಲ್ಲಿದ್ದ ಗದಗಿನ ಬಳಿಯ ಕಣಗಿನಹಾಳದಲ್ಲಿ ಸಿದ್ದನಗೌಡ ಪಾಟೀಲರು ಅಂಥ ಸಂಘವನ್ನು ಕಟ್ಟಿದರು.

ಆಗ ಮದರಾಸು ಪ್ರಾಂತ್ಯಕ್ಕೆ ಸೇರಿದ್ದ ದಕ್ಷಿಣ ಕನ್ನಡದಲ್ಲಿಯೂ 1906 ಗಮನಾರ್ಹ ವರ್ಷ. ಮಾರ್ಚ್‌ನಲ್ಲಿ ಉಡುಪಿಯಲ್ಲಿ ಹಾಜಿ ಅಬ್ದುಲ್ಲಾ ಸಾಹೇಬರು ಕೆನರಾ ಬ್ಯಾಂಕಿಂಗ್ ಕಾರ್ಪೊರೇಷನ್ ಸ್ಥಾಪಿಸಿದರು. ಮೊದಲ ದಿನದ ಸಂಗ್ರಹ 38 ರೂಪಾಯಿ 13 ಆಣೆ 2 ಪೈ. ಜುಲೈ 1ರಂದು ಮಂಗಳೂರಿನಲ್ಲಿ ವಕೀಲ ಅಮ್ಮೆಂಬಳ ಸುಬ್ಬರಾವ್ ಪೈಗಳು ಕೆನರಾ ಹಿಂದೂ ಪರ್ಮನೆಂಟ್ ಫಂಡನ್ನು ತೆರೆದರು. ಮೈಲಾಪುರದ ನಿಧಿಗೂ ಇದಕ್ಕೂ ಹೆಸರಿನಲ್ಲೇ ಬಂಧುತ್ವವಿದೆ. 1910ರಲ್ಲಿ ಅದು ಕೆನರಾ ಬ್ಯಾಂಕ್ ಆಯಿತು. ಅತ್ತ ಅರ್ಬತ್‌ನಾಟ್ ಬಿದ್ದ ಮೇಲೆ ವಕೀಲ ವಿ. ಕೃಷ್ಣಸ್ವಾಮಿ ಅಯ್ಯರ್ ಮತ್ತಿತರರ ಶ್ರಮದಿಂದ 1907ರಲ್ಲಿ ಇಂಡಿಯನ್ ಬ್ಯಾಂಕ್ ಮೈದಳೆಯಿತು. ಇಂದು ಚೆನ್ನೈಯಲ್ಲಿ ಈ ಎರಡು ಬ್ಯಾಂಕುಗಳಲ್ಲಿ ಖಾತೆಯುಳ್ಳ ಕನ್ನಡಿಗನು ಒಂದೇ ವರ್ಷದ ಎರಡು ಪಾಠಗಳ ಜೊತೆ ವ್ಯವಹರಿಸುತ್ತಿದ್ದಾನೆ ಎನ್ನಬಹುದು.

ಆದರೆ ಬಲ್ಲವರ ನಡುವಣ ನಂಬಿಕೆಗೆ ಬೇಲಿಯೂ ಇರುತ್ತದೆ. ನಿಧಿ ಕಾಪಾಡಿದ್ದು ಅಡವಿಡಲು ಒಡವೆಯಿದ್ದವನನ್ನು, ಹೆಸರು ಹೇಳಿದರೆ ಗುರುತು ಸಿಗುವವನನ್ನು. ಬೇಲಿಯಾಚೆಯ ಕೂಲಿಕಾರನಿಗೆ ಮೀಟರ್‌ಬಡ್ಡಿಯ ಸಾಹುಕಾರನೇ ಗತಿ. ಬೇಲಿಯನ್ನು ಹಿಗ್ಗಿಸಿದರೆ ಕಣ್ಣು ಮಸುಕಾಗುವ ಅಪಾಯವೂ ಉಂಟು: ಇಪ್ಪತ್ತನೆಯ ಶತಮಾನ ಮುಗಿಯುವ ಹೊತ್ತಿಗೆ ಇದೇ ನಗರದ ಕೆಲವು ದೊಡ್ಡ ನಿಧಿಗಳು ಮುಳುಗಿ, ಪಿಂಚಣಿದಾರರು ಮತ್ತೆ ಬಾಗಿಲ ಮುಂದೆ ನಿಂತರು.

1965ರಲ್ಲಿ ಮ್ಯಾಂಕರ್ ಓಲ್ಸನ್, ಒತ್ತಾಯವೋ ಪ್ರತ್ಯೇಕ ಲಾಭವೋ ಇಲ್ಲದಿದ್ದರೆ ಸ್ವಹಿತವನ್ನೇ ನೋಡುವ ಜನ ದೊಡ್ಡ ಗುಂಪಿನ ಹಿತಕ್ಕಾಗಿ ದುಡಿಯಲಾರರೆಂದು ತೋರಿಸಿದ. 1977ರಲ್ಲಿ ಅಮರ್ತ್ಯ ಸೇನ್, ಸ್ವಹಿತವೊಂದನ್ನೇ ಬಲ್ಲ ಮನುಷ್ಯ ಸಾಮಾಜಿಕವಾಗಿ ಮೂಢನೇ ಸರಿ ಎಂದರು. ಮದರಾಸಿನ ಅನುಭವ ಇಬ್ಬರ ಮಾತಿಗೂ ಸಾಕ್ಷಿಯಾಗುತ್ತದೆ. ಇಪ್ಪತ್ತು ಜನರ ಚೀಟಿಯಲ್ಲಿ ನೆರೆಯವರ ಕಣ್ಣು ಮಾಡುವ ಕೆಲಸವನ್ನು ಲಕ್ಷಾಂತರ ಜನರ ಬ್ಯಾಂಕಿನಲ್ಲಿ ಲೆಕ್ಕಪರಿಶೋಧನೆ, ಕಾನೂನು, ನ್ಯಾಯಾಲಯಗಳು ಮಾಡಬೇಕು. ಅವು ನಿದ್ರಿಸಿದಾಗ ಠೇವಣಿದಾರನು ಎಷ್ಟೇ ಜಾಣನಾದರೂ, ಅವನ ವಿವೇಕ 1906ರ ಅಕ್ಟೋಬರ್‌ನಲ್ಲಿ ಎಷ್ಟು ಬಾಳಿತೋ ಅಷ್ಟೇ ಬಾಳುತ್ತದೆ.