ಹಿಜ್ರಿ, ಫಸಲಿ, ಇಸವಿ: ಹಿರಿಯರ ತಾರೀಖುಗಳನ್ನು ತಾಳೆ ನೋಡುವ ಬಗೆ

ಕೂಡ್ಲಿಗಿ, ಕೊಟ್ಟೂರು, ಹಗರಿಬೊಮ್ಮನಹಳ್ಳಿ, ಹಡಗಲಿ, ಹರಪನಹಳ್ಳಿ ಸೀಮೆಯ ನಮ್ಮ ಅನೇಕ ಮನೆಗಳಲ್ಲಿ ಹಿರಿಯರ ಇತಿಹಾಸಕ್ಕೆ ಉಳಿದಿರುವ ಸಾಕ್ಷಿ ಅತ್ಯಲ್ಪ. ನಿಕಾಹ್‌ನಾಮೆಯ ಹಳೆಯ ಪ್ರತಿ, ಖಬರಸ್ತಾನದ ಒಂದು ಕಲ್ಲು, ಜಮೀನಿನ ಕಾಗದ, ಅಜ್ಜಿಯ ನೆನಪು. ನಿಕಾಹ್‌ನಾಮೆ ಹಿಜ್ರಿಯನ್ನು ಹೇಳಿದರೆ ಜಮೀನಿನ ಕಾಗದ ಫಸಲಿಯನ್ನು ಹೇಳುತ್ತದೆ. ಅಜ್ಜಿಯಾದರೋ "ವಿಜಯ ಸಂವತ್ಸರ, ಕೊಟ್ಟೂರು ತೇರಿನ ವಾರ" ಎನ್ನುತ್ತಾರೆ. ಇವೆಲ್ಲವನ್ನೂ ಒಂದೇ ಸಾಲಿನಲ್ಲಿ ನಿಲ್ಲಿಸಲು ನಮಗೆ ನೆರವಾಗುವುದು ಶಾಶ್ವತ ಕ್ಯಾಲೆಂಡರ್, ಅಂದರೆ ಯಾವ ವರ್ಷದ ಯಾವ ತಾರೀಖು ಯಾವ ವಾರ ಬಂದಿತೆಂದು ತೋರಿಸುವ ಕೋಷ್ಟಕ.

ಇಸವಿಯ ಲೆಕ್ಕ ಸರಳ. ವರ್ಷದ ಮೊದಲ ದಿನ ಏಳು ವಾರಗಳಲ್ಲಿ ಒಂದಾಗಿರಬೇಕು, ವರ್ಷ ಅಧಿಕವೋ ಅಲ್ಲವೋ ಆಗಿರಬೇಕು. ಆದ್ದರಿಂದ ಒಟ್ಟು 14 ಕ್ಯಾಲೆಂಡರುಗಳು ಸಾಕು. ಹಿಜ್ರಿ ಕೋಷ್ಟಕವು 30 ವರ್ಷಗಳ ಆವರ್ತದಲ್ಲಿ 11 ವರ್ಷಗಳಿಗೆ ಒಂದೊಂದು ದಿನ ಸೇರಿಸುತ್ತದೆ. ಆದರೆ ನಮ್ಮ ಹಿರಿಯರು ಕೋಷ್ಟಕ ನೋಡಿ ಉಪವಾಸ ಹಿಡಿದವರಲ್ಲ, ಚಂದ್ರದರ್ಶನ ಮಾಡಿ ಹಿಡಿದವರು. ಆದ್ದರಿಂದ ಒಂದು ದಿನದ ಅಂತರ ಸಹಜ. ಇಸ್ಲಾಮೀ ದಿನ ಸೂರ್ಯಾಸ್ತಕ್ಕೆ ಆರಂಭವಾಗುವುದರಿಂದ 'ಜುಮಾದ ರಾತ್ರಿ' ಎಂದರೆ ಗುರುವಾರದ ರಾತ್ರಿ ಎಂಬುದನ್ನೂ ಮರೆಯಬಾರದು.

ಫಸಲಿಯಲ್ಲಿ ಇನ್ನೊಂದು ಸೂಕ್ಷ್ಮವಿದೆ. ಈ ಸೀಮೆ 1800ರಲ್ಲಿ ನಿಜಾಮರಿಂದ ಕಂಪನಿಗೆ ಸೇರಿ, 1953ರ ಅಕ್ಟೋಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೂ ಮದ್ರಾಸಿನ ಆಡಳಿತದಲ್ಲಿತ್ತು. ಇಪ್ಪತ್ತನೆಯ ಶತಮಾನದ ಮದ್ರಾಸ್ ಫಸಲಿ ಜುಲೈ 1ಕ್ಕೆ ಆರಂಭ. ಫಸಲಿಗೆ 590 ಕೂಡಿಸಿದರೆ ಅದು ಆರಂಭವಾದ ಇಸವಿ ಸಿಗುತ್ತದೆ. ತುಂಗಭದ್ರೆಯ ಆಚೆ, ಕೊಪ್ಪಳದ ಕಡೆ ನಡೆದ ಹೈದರಾಬಾದಿನ ಫಸಲಿಯಾದರೋ ಅಕ್ಟೋಬರಿನಲ್ಲಿ ಆರಂಭವಾಗುತ್ತಿತ್ತು. ನದಿಯ ಎರಡೂ ದಡಗಳಲ್ಲಿ ಬೀಗತನವಿದ್ದ ಕುಟುಂಬಗಳು ಕಾಗದ ಯಾವ ದಡದ್ದೆಂದು ಮೊದಲು ಕೇಳಬೇಕು.

ಇದು ಬರಿಯ ಕುತೂಹಲದ ವಿಷಯವಲ್ಲ. ಒಂದು ಉದಾಹರಣೆಯನ್ನು ಕಲ್ಪಿಸಿಕೊಳ್ಳೋಣ. ತಂದೆಯ ಸಮಾಧಿಯ ಕಲ್ಲಿನಲ್ಲಿ "ಹಿಜ್ರಿ 1337, ರಮಝಾನ್ 27, ಶುಕ್ರವಾರ" ಎಂದಿದೆ. ಮಗ ತೀರಿಕೊಂಡದ್ದು ಫಸಲಿ 1329ರಲ್ಲಿ ಎಂದಷ್ಟೇ ಹರಪನಹಳ್ಳಿ ಕಡೆಯ ಒಂದು ಕಾಗದ ಹೇಳುತ್ತದೆ. ಕೋಷ್ಟಕದ ಪ್ರಕಾರ ಆ ರಮಝಾನ್ 27, 1919ರ ಜೂನ್ 26, ಗುರುವಾರ. ಕಲ್ಲಿನಲ್ಲಿ ಶುಕ್ರವಾರವಿದೆ. ಚಂದ್ರದರ್ಶನ ಒಂದು ದಿನ ತಡವಾಗಿದ್ದರೆ ಜೂನ್ 27, ಶುಕ್ರವಾರವೇ ಸರಿ. ಫಸಲಿ 1329 ಆರಂಭವಾದದ್ದು 1919ರ ಜುಲೈ 1ಕ್ಕೆ. ಅಂದರೆ ತಂದೆ ಮೊದಲು, ಮಗ ಅನಂತರ.

ಕೇವಲ ನಾಲ್ಕು ದಿನಗಳ ಈ ಅಂತರದ ಮೇಲೆ ಒಂದು ಹಕ್ಕು ನಿಂತಿದೆ. ಮೃತರ ಮರಣಕಾಲದಲ್ಲಿ ಜೀವಂತವಿದ್ದವರೇ ವಾರಸುದಾರರು ಎಂಬುದು ಶರೀಅತ್‌ನ ನಿಯಮ. ಇಲ್ಲಿ ಮಗನಿಗೆ ತಂದೆಯ ಆಸ್ತಿಯಲ್ಲಿ ಪಾಲು ಬಂದಿತ್ತು. ಅದು ಅವನ ಮಕ್ಕಳಿಗೆ ಸಲ್ಲಬೇಕು. ಮಗ ಮೊದಲೇ ತೀರಿಕೊಂಡಿದ್ದರೆ, ಬೇರೆ ಗಂಡುಮಕ್ಕಳು ಬದುಕಿರುವಾಗ ಆ ಅನಾಥ ಮೊಮ್ಮಕ್ಕಳಿಗೆ ಅಜ್ಜನ ಆಸ್ತಿಯಲ್ಲಿ ವಾರಸಿನ ಪಾಲಿರುತ್ತಿರಲಿಲ್ಲ. ಫಸಲಿಯ ಆರಂಭವನ್ನು ತಪ್ಪಾಗಿ ಹಿಡಿದವನು ಅರಿಯದೆಯೇ ಅನಾಥರ ಪಾಲನ್ನು ಕಸಿದಂತಾಗುತ್ತದೆ.

ಅಜ್ಜಿಯ ನೆನಪೂ ತಳ್ಳಿಹಾಕತಕ್ಕದ್ದಲ್ಲ. ಸಂವತ್ಸರ 60 ವರ್ಷಕ್ಕೊಮ್ಮೆ ಮರಳುತ್ತದೆ; ವಿಜಯ ಬಂದದ್ದು 1893ರಲ್ಲಿ, ಮತ್ತೆ 1953ರಲ್ಲಿ. ಸಂವತ್ಸರ ಯುಗಾದಿಗೆ ಬದಲಾಗುತ್ತದೆ; ಕೊಟ್ಟೂರು ತೇರು ಮಾಘದಲ್ಲಿ. ಆದ್ದರಿಂದ ಎರಡನೆಯ ವಿಜಯದ ತೇರು 1954ರ ಆರಂಭದ್ದು, 1953ರದ್ದಲ್ಲ.

ಸೂರ್ಯಚಂದ್ರರ ಗತಿಯಲ್ಲಿ ವರ್ಷಗಳ ಎಣಿಕೆಯ ಅನುಗ್ರಹವಿದೆ ಎಂಬುದನ್ನು ಸೂರಃ ಯೂನುಸ್ ನಮಗೆ ನೆನಪಿಸುತ್ತದೆ. ಆ ಎಣಿಕೆ ಒಂದು ಅಮಾನತು. ಮೂಲದಲ್ಲಿರುವುದನ್ನು ಇದ್ದಂತೆಯೇ ಬರೆದುಕೊಳ್ಳೋಣ, ನಮ್ಮ ಲೆಕ್ಕವನ್ನು ಅದರ ಪಕ್ಕದಲ್ಲಿ ಪ್ರತ್ಯೇಕವಾಗಿ ಬರೆಯೋಣ. ವಾರವು ಎರಡು ಮೂರು ದಿನ ತಪ್ಪಿದರೆ ನಮ್ಮ ಅನುಕೂಲಕ್ಕೆ ತಾರೀಖನ್ನು ಬಗ್ಗಿಸದೆ, 'ತಾಳೆಯಾಗಲಿಲ್ಲ' ಎಂದೇ ಬರೆಯೋಣ. ಅಜ್ಜಿಯರು ಇನ್ನೂ ನಮ್ಮೊಡನಿರುವಾಗಲೇ ಈ ಕೆಲಸ ಆಗಬೇಕು.